ಭಾರ ಬಿದ್ದ ಮನೆ

ಒಂದು ಸಲ ಭಾರ ಬೀಳಿಸಿದರೆ ಚೌರಪ್ಪನಿಗೆ ತಗಲುತ್ತಿದ್ದ ಖರ್ಚು ಇಷ್ಟು: ಮೊಣಕಾಲಿಗೆ ಉಜ್ಜಲು ಅರ್ಧ ಪಾವು ಎಳ್ಳೆಣ್ಣೆ, ಹನ್ನೆರಡು ರೂಪಾಯಿ. ಎಣ್ಣೆಗೆ ಹಾಕುವ ಕರ್ಪೂರ, ಎರಡು ರೂಪಾಯಿ. ಕುಕ್ಕರುಗಾಲಲ್ಲಿ ಕೂತು ಉಳಿ ಹಿಡಿಯಲಾಗದೆ ತಪ್ಪಿಹೋಗುವ ಮೂರು ದಿನದ ಮರಗೆಲಸ, ದಿನಕ್ಕೆ ಎಂಬತ್ತರಂತೆ ಇನ್ನೂರ ನಲವತ್ತು. ಇದರ ಮೇಲೆ, ಪಾಪನಿವೇದನೆಗೆಂದು ಫಾದರ್ ಮುಂದೆ ಮಂಡಿಯೂರಿದಾಗ ಹೇಳದೆ ನುಂಗಿಕೊಳ್ಳುವ ಒಂದು ಮಾತು. ಅದಕ್ಕೆ ಎಷ್ಟು ಹಾಕಬೇಕೆಂದು ಅವನಿಗೆ ಯಾವತ್ತೂ ತಿಳಿದಿರಲಿಲ್ಲ.

ಪವಿತ್ರ ಗುರುವಾರದ ಮಧ್ಯಾಹ್ನ ಜಗಲಿಯ ಮೇಲೆ ಕಾಲು ಚಾಚಿ ಕೂತು ಅವನು ಮುಂಚಿತವಾಗಿಯೇ ಎಣ್ಣೆ ಉಜ್ಜಿಕೊಳ್ಳುತ್ತಿದ್ದ.

“ಈ ವರ್ಸ ಯಾರಟ್ಟಿ ಮುಂದೆ ಬೀಳುಸ್ತೀಯಣ್ಣ?”

ಚೌರಪ್ಪ ತಲೆಯೆತ್ತಿದ. ಬಿಸಿಲಲ್ಲಿ ತೆರೇಜಾ ನಿಂತಿದ್ದಳು. ಹಳದಿ ಸೀರೆ, ಕೈಯಲ್ಲಿ ವೈರಿನ ಬ್ಯಾಗು. ಪಾಂಡವಪುರದ ಬಸ್ಸಿಳಿದು ನಾಲೆಯ ಏರಿಯ ಮೇಲೆ ಒಂದು ಮೈಲಿ ನಡೆದು ಬಂದ ಅವಳ ಚಪ್ಪಲಿಗೆ ಕೆಂಧೂಳು ಮೆತ್ತಿತ್ತು.

“ಮೆತ್ಗೆ ಮಾತಾಡು. ನಿಮ್ಮತ್ಗೆ ಒಳ್ಗವ್ಳೆ.”

“ಅತ್ಗೆಗೆ ಗೊತ್ತಿಲ್ವಾ? ಇಪ್ಪತ್ತೊರ್ಸದಿಂದ ನಿನ್ ಮಂಡಿ ಉಜ್ತಾವ್ಳೆ!”

ಒಳಗಿನಿಂದ ಆರೋಗ್ಯಮ್ಮ ನಕ್ಕ ಸದ್ದು ಕೇಳಿತು. ಚೌರಪ್ಪ ಸೀಸೆಯ ಬಿರಟೆ ಮುಚ್ಚಿದ.

ಜೋಜಪ್ಪನಕೊಪ್ಪಲಿನ ನಲವತ್ತೆರಡು ಮನೆಯೂ ಕ್ರೈಸ್ತರವು. ಕಬ್ಬು, ಹಸು, ಒಂದೆರಡು ಮರಗೆಲಸದ ಮನೆ. ಸಂತ ಜೋಜಪ್ಪರ ಗುಡಿಯ ಹಿಂದಿನ ಕೋಣೆಯಲ್ಲಿ ಉದ್ದನೆಯ ಪೆಟ್ಟಿಗೆಯಿತ್ತು. ಅದರೊಳಗೆ ಮರದ ಪಾಡುಸ್ವಾಮಿ, ಶಿಲುಬೆಯಿಂದ ಇಳಿಸಿದ ಯೇಸುವಿನ ಆಳೆತ್ತರದ ವಿಗ್ರಹ. ಹೆಗಲಲ್ಲಿ ಕೀಲು, ಅರ್ಧ ಮುಚ್ಚಿದ ಕಣ್ಣು. ಶುಭ ಶುಕ್ರವಾರ ಅದನ್ನು ಶಿಲುಬೆಗೇರಿಸಿ, ಇಳಿಸಿ, ಕೈಗಳನ್ನು ಎದೆಯ ಮೇಲೆ ಮಡಿಸಿ, ಮಂಚದ ಮೇಲೆ ಮಲಗಿಸಿ, ಎಂಟು ಜನ ಹೊತ್ತು ಊರು ಸುತ್ತಿಸುತ್ತಾರೆ. ಯಾರ ಮನೆಯಲ್ಲಿ ಹಗೆ ಇದೆಯೋ ಆ ಮನೆಯ ಮುಂದೆ ಮಂಚಕ್ಕೆ ಭಾರ ಬೀಳುತ್ತದೆ. ಹೊತ್ತವರು ಹೆಜ್ಜೆ ಕೀಳಲಾರರು. ಆಗ ಮನೆಯ ಯಜಮಾನ ಚೊಂಬಿನಲ್ಲಿ ನೀರು ತಂದು, ಯಾರ ಮೇಲೆ ಹಗೆಯೋ ಅವರನ್ನು ಎಲ್ಲರೆದುರು ಹೆಸರು ಹಿಡಿದು ಕರೆದು ಕುಡಿಸಬೇಕು. ಅವರು ಕುಡಿದು ಉಳಿಸಿದ್ದನ್ನು ತಾನು ಕುಡಿಯಬೇಕು. ಆಮೇಲೆ ಇಬ್ಬರೂ ಮಂಚದ ಹಿಂದೆ ಇಳಿಬಿಟ್ಟ ಬಿಳಿ ಬಟ್ಟೆಯ ಒಂದೊಂದು ತುದಿ ಹಿಡಿದು, ಗುಡಿಯೊಳಗೆ ಮಂಚ ಇಳಿಸುವ ತನಕ ಬಿಡದೆ ನಡೆಯಬೇಕು. ಚೌರಪ್ಪನ ಅಜ್ಜನ ಕಾಲದಲ್ಲಿ ಒಬ್ಬ ಯಜಮಾನ ನೀರು ತರಲು ಒಪ್ಪದೆ ಹೋಗಿ, ಮಂಚ ಬೆಳಗಿನವರೆಗೂ ಬೀದಿಯಲ್ಲೇ ನಿಂತಿತ್ತಂತೆ.

ಮಂಚ ಹೊರುವ ಎಡಗಡೆಯ ಬೊಂಬಿನ ಮುಂದಿನ ತುದಿ ಚೌರಪ್ಪನ ಮನೆತನದ್ದು. ಆ ತುದಿ ಹಿಡಿದವನು ಮೊಣಕಾಲನ್ನು ನಾಲ್ಕು ಬೆರಳಷ್ಟು ಮಡಿಸಿ, ಹಿಮ್ಮಡಿಯನ್ನು ಒಳಕ್ಕೆ ತಿರುಗಿಸಿದರೆ ಬೊಂಬು ಹೊರಳುತ್ತದೆ. ಹಿಂದಿನವನ ಹೆಗಲಿಗೆ ತೂಕ ಜಾರುತ್ತದೆ. ಅವನು ‘ಭಾರ!’ ಎಂದು ಕೂಗಿದರೆ ಮುಗಿಯಿತು, ಮಿಕ್ಕ ಆರು ಹೆಗಲು ಹೆದರಿಕೆಯಿಂದಲೇ ಬಗ್ಗುತ್ತವೆ. ಅಪ್ಪ ಇದನ್ನು ಹಿತ್ತಲಲ್ಲಿ ಹಗ್ಗದ ಮಂಚ ಹೊರಿಸಿ ಕಲಿಸಿದ್ದ. “ಇದು ಮೋಸ ಅಲ್ಲ ಕಣ್ಲಾ,” ಎಂದಿದ್ದ. “ಸ್ವಾಮಿ ಕೈ ಮರದ್ದು. ಮರದ ಕೈಗೆ ಯಾವನಾರ ಮನ್ಸ ಆಸ್ರೆ ಕೊಡಬೇಕು.”

ಚೌರಪ್ಪ ಇಪ್ಪತ್ತು ವರ್ಷ ಆಸರೆ ಕೊಟ್ಟಿದ್ದ. ವರ್ಷವಿಡೀ ಕಿವಿ ತೆರೆದಿಟ್ಟು, ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನದಲ್ಲಿ ಯೋಚಿಸಿ, ಒಂದೇ ಒಂದು ಮನೆ ಆರಿಸುತ್ತಿದ್ದ. ಬದುವಿನ ಜಗಳ, ಓರಗಿತ್ತಿಯರ ಜಗಳ, ಸತ್ತ ಎಮ್ಮೆಯ ಜಗಳ. ಪಾಂಡವಪುರದ ಕೋರ್ಟು ಹತ್ತಬೇಕಾದ ಎಷ್ಟೋ ತಕರಾರು ಒಂದು ಚೊಂಬು ನೀರಿನಲ್ಲಿ ಇಳಿದುಹೋಗಿದ್ದವು.

ಅಪ್ಪ ಕಲಿಸುವಾಗ ಹಿತ್ತಲ ಬೇಲಿಯ ಪಕ್ಕ ಕೂತು ನೋಡಿದ್ದು ಆರು ವರ್ಷದ ತಮ್ಮ ಅರುಳಪ್ಪ. ಹದಿನೆಂಟಕ್ಕೆ ಆ ಅರುಳಪ್ಪ ಊರು ಬಿಟ್ಟು ಮೈಸೂರಿಗೆ ಹೋಗಿ ಹಿಜಡಾಗಳ ಮನೆ ಸೇರಿಕೊಂಡ. ಐದು ವರ್ಷದ ಮೇಲೆ, ಅಪ್ಪ ಸತ್ತ ದಿನ, ಸೀರೆ ಉಟ್ಟು ಬಂದವಳು ತನ್ನ ಹೆಸರು ತೆರೇಜಾ ಎಂದಳು. ಹಿರಿಯರು ಅವಳನ್ನು ಗುಡಿಯ ಗೇಟಿನಲ್ಲೇ ತಡೆದರು. ಅಪ್ಪನ ಸಾವಿನ ಪೂಜೆ ಮುಗಿಯುವ ತನಕ ಹೊರಗಿನ ಹುಣಸೆಮರದ ಬುಡದಲ್ಲಿ ನಿಂತಿದ್ದಳು. ಆಮೇಲೆ ತಿಂಗಳಿಗೊಂದು ಭಾನುವಾರ ಬಂದು, ಗೇಟಿನಾಚೆ ಜಲ್ಲಿಯ ಮೇಲೆ ಮಂಡಿಯೂರಿ ಪೂಜೆ ಕೇಳಿ, ಪ್ರಸಾದವಿಲ್ಲದೆ ಹೋಗುತ್ತಿದ್ದಳು. ಹಳೆಯ ಹೆಸರು ಹೇಳಿದರೆ ಅವಳು ತಿರುಗುವುದಿಲ್ಲ, ಹೊಸದನ್ನು ಹೇಳಲು ಊರಿಗೆ ನಾಲಿಗೆ ಹೊರಳುವುದಿಲ್ಲ. ‘ಚೌರಪ್ಪನ ಮನೇದು’ ಎನ್ನುತ್ತಿದ್ದರು. ಚೌರಪ್ಪನೂ ಹೆಸರಿನ ತಂಟೆಗೆ ಹೋಗದೆ ‘ಏ’, ‘ಬಾ’, ‘ಕೂತ್ಕೊ’ ಎಂದು ಸುಧಾರಿಸುತ್ತಿದ್ದ.

“ಉಂಡ್ಯಾ?” ಎಂದು ಕೇಳುತ್ತ ಆರೋಗ್ಯಮ್ಮ ಹೊರಗೆ ಬಂದಳು. ಜಗಲಿಯ ಗೂಡಿನಿಂದ ಸ್ಟೀಲಿನ ತಟ್ಟೆ ಮತ್ತು ಲೋಟ ತೆಗೆದು ತೊಳೆದು, ಮುದ್ದೆ, ಉಪ್ಪೆಸರು ಹಾಕಿಕೊಟ್ಟಳು. ಆ ತಟ್ಟೆ ಲೋಟದ ಜಾಗ ಜಗಲಿಯ ಗೂಡು. ತೆರೇಜಾಳ ಜಾಗ ಜಗಲಿ. ಅದನ್ನು ಯಾರೂ ಕೂತು ತೀರ್ಮಾನಿಸಿದ್ದಲ್ಲ. ಮಗಳು ಫಿಲೋಮಿನಾಗೆ ಗಂಡು ನೋಡುವ ಕಾಲ. ಕೆ.ಆರ್. ಪೇಟೆಯ ಕಡೆಯವರು ಒಂದು ಸಲ ಬಂದು ಹೋಗಿದ್ದರು, ಈಸ್ಟರ್ ಕಳೆದ ಮೇಲೆ ಮತ್ತೆ ಬರುವವರಿದ್ದರು. ಮದುವೆಯೊಂದು ಆಗಿಬಿಡಲಿ ಎಂದು ಚೌರಪ್ಪ ಒಂದು ಸಲ ಹೇಳಿದ್ದ. ತೆರೇಜಾ “ಜಗಲೀಲಿ ಗಾಳಿ ಚೆನ್ನಾಗ್ ಬತ್ತದೆ” ಎಂದಿದ್ದಳು.

ಉಂಡು ಕೈತೊಳೆದು ಅವಳು ಹೇಳಿದಳು: “ಓದ್ ತಿಂಗ್ಳು ಮೈಸೂರಲ್ಲಿ ನಮ್ಮನೆ ಸ್ಟೆಲ್ಲಾ ಸತ್ಲು ಕಣಣ್ಣ. ಜ್ಞಾನಸ್ನಾನ ಆದೋಳೇಯ. ಒಂದ್ ಗಂಟೆ ಒಡೀಲಿಲ್ಲ, ಒಬ್ರು ಜಪ ಏಳ್ಲಿಲ್ಲ. ಆಟೋದಲ್ಲಿ ಆಕ್ಕೊಂಡು ಓಗಿ ಮಣ್ ಮಾಡುದ್ವು.”

ಚೌರಪ್ಪ ಶಿಲುಬೆ ಗುರುತು ಹಾಕಿಕೊಂಡ.

“ಎಮ್ಮೆ ಜಗ್ಳಕ್ಕೂ ಭಾರ ಬೀಳುಸ್ದೆ ನೀನು. ನಂಗೊಂದ್ಸಲ ಬೀಳ್ಸು. ಗುಡಿ ಬಾಗ್ಲಲ್ಲಿ. ನಾನ್ ಕಾಸು ಕೇಳ್ತಿಲ್ಲ, ಆಸ್ತಿ ಕೇಳ್ತಿಲ್ಲ. ಎಲ್ರಂಗೆ ಒಳ್ಗೋಗಿ ಪ್ರಸಾದ ತಗೊಂಡು, ಸತ್ರೆ ಅಪ್ಪನ ಪಕ್ಕ ಮಣ್ಣಾಗಬೇಕು. ಅಷ್ಟೇಯ.”

“ನಾನೇನ್ ಸುಮ್ನೆ ಕುಂತಿವ್ನಾ? ಮೂರ್ ಸಲ ಸಭೆಲಿ ಎದ್ ನಿಂತು ಕೇಳಿವ್ನಿ.”

ಅದು ಸುಳ್ಳಲ್ಲ. ಹಿರಿಯರ ಸಭೆಯಲ್ಲಿ ಇಡೀ ಊರನ್ನು ಎದುರು ಹಾಕಿಕೊಂಡು ಮೂರು ಸಲ ಕೇಳಿದ್ದ. ಸಭೆಯ ಮುಖ್ಯಸ್ಥ ರಾಯಪ್ಪ ಮೂರು ಸಲವೂ ಎಲೆಯಡಿಕೆ ಜಗಿಯುತ್ತ ಅದೇ ಉತ್ತರ ಕೊಟ್ಟಿದ್ದ: “ನಾನ್ ಬ್ಯಾಡ ಅಂತೀನಾ ಚೌರಪ್ಪ? ಗಂಡುಸ್ರ ಕಡೆ ಕೂರುಸುದ್ರೆ ಗಂಡುಸ್ರು ಏಳ್ತಾರೆ. ಎಂಗುಸ್ರ ಕಡೆ ಕೂರುಸುದ್ರೆ ಎಂಗುಸ್ರು ಏಳ್ತಾರೆ. ನಡುಮಧ್ಯಕ್ಕೆ ಕೂರುಸ್ವ ಅಂದ್ರೆ ಅದು ಫಾದ್ರು ಓಡಾಡೋ ದಾರಿ.” ಎಲ್ಲರೂ ನಕ್ಕಿದ್ದರು. ಮಂಗಳೂರು ಕಡೆಯ ಫಾದರ್ ವಲೇರಿಯನ್ ಮಾತ್ರ ನಕ್ಕಿರಲಿಲ್ಲ. ಆಮೇಲೆ ಚೌರಪ್ಪನನ್ನು ಪಕ್ಕಕ್ಕೆ ಕರೆದು, “ನನ್ನದು ಎಂತ ತಕರಾರೂ ಇಲ್ಲ ಮಾರಾಯರೆ. ಆದರೆ ಊರು ಎರಡು ಪಾಲಾದರೆ ಬಿಷಪರಿಗೆ ಉತ್ತರ ಕೊಡಬೇಕಾದ್ದು ನಾನಲ್ವಾ? ನೀವು ಊರನ್ನು ಒಪ್ಪಿಸಿ, ಮರುದಿನವೇ ನಾನು ಪ್ರಸಾದ ಕೊಡುತ್ತೇನೆ,” ಎಂದಿದ್ದರು.

ಊರನ್ನು ಒಪ್ಪಿಸುವ ದಾರಿ ಚೌರಪ್ಪನಿಗೆ ಒಂದೇ ಗೊತ್ತಿದ್ದದ್ದು. ಆದರೆ ಗುಡಿಯ ಬಾಗಿಲಲ್ಲಿ ಭಾರ ಬೀಳಿಸುವುದೆಂದರೆ ಇಡೀ ಊರಿನಲ್ಲಿ ಹಗೆ ಇದೆ ಎಂದು ಸಾರಿದ ಹಾಗೆ. ಅದು ಯಾವತ್ತೂ ನಡೆದಿರಲಿಲ್ಲ. ರಾಯಪ್ಪ ಮಂಚದ ಕೆಳಗೆ ಬಗ್ಗಿ ಅವನ ಕಾಲು ನೋಡಿದರೆ ಅಲ್ಲಿಗೆ ಮನೆತನದ ಮಾನ, ಇಪ್ಪತ್ತು ವರ್ಷದ ರಾಜಿಗಳು, ಎಲ್ಲವೂ ಹೋದವು.

“ನೋಡ್ವಾ,” ಎಂದ.

“ನೋಡ್ವಾ ಅಲ್ಲ. ಬೀಳುಸ್ತೀನಿ ಅನ್ನು.”

ಅವನು ಮತ್ತೆ ಸೀಸೆಯ ಬಿರಟೆ ತೆಗೆದು ಎಣ್ಣೆ ಸುರಿದುಕೊಂಡ. “ಬೀಳುಸ್ತೀನಿ,” ಎಂದ.

ಶುಕ್ರವಾರ ಮೂರು ಗಂಟೆಗೆ ಶಿಲುಬೆಗೆ ಏಣಿ ಇಟ್ಟು ಪಾಡುಸ್ವಾಮಿಯನ್ನು ಇಳಿಸಿದವನು ಚೌರಪ್ಪನೇ. ಪ್ರತಿವರ್ಷ ಕೀಲಿಗೆ ಎಣ್ಣೆ ಬಿಟ್ಟರೂ ಕೈ ಮಡಿಸುವಾಗ ಕಿರ್ರೆನ್ನುತ್ತಿತ್ತು. ಗುಡಿ ತುಂಬ ಕೂತ ಹೆಂಗಸರು ಆ ಸದ್ದಿಗೇ ಅಳಲು ಶುರುಮಾಡುತ್ತಿದ್ದರು. ಈ ಸಲ ಸದ್ದಾಗಲಿಲ್ಲ. ಬಲಗೈ ಹಿಡಿದು ಮಡಿಸಿದ. ಮಲಗಿದ ಮನುಷ್ಯನ ಕೈ ಮಡಿಸಿದ ಹಾಗೆ ಮಡಿಸಿಕೊಂಡಿತು. ಮರ ಬೆಚ್ಚಗಿತ್ತು. ಬೇಸಿಗೆ, ವರ್ಷವೆಲ್ಲ ಪೆಟ್ಟಿಗೆಯಲ್ಲಿ ಮುಚ್ಚಿಟ್ಟದ್ದು, ಬೆಚ್ಚಗಿರದೆ ಇನ್ನೇನು ಎಂದುಕೊಂಡ. ಎಡಗೈ ಮುಟ್ಟಿದ. ಅದು ನಾಲೆಯ ನೀರಿನಿಂದ ಈಗ ತಾನೆ ಎತ್ತಿದಷ್ಟು ತಣ್ಣಗಿತ್ತು.

ಪೆಟ್ಟಿಗೆಯ ಎಡಮಗ್ಗುಲಿಗೆ ಗೋಡೆಯ ಥಂಡಿ ಹಿಡಿದಿರಬೇಕು. ಅಷ್ಟಕ್ಕೇ ಆ ಯೋಚನೆ ನಿಲ್ಲಿಸಿ ಅವನು ಬಟ್ಟೆ ಹೊದಿಸಿದ.

ಹೊತ್ತು ಮುಳುಗುವಾಗ ಮಂಚ ಎದ್ದಿತು. ಈಸ್ಟರ್ ತನಕ ಗುಡಿಯ ಗಂಟೆ ಹೊಡೆಯುವಂತಿಲ್ಲ, ಮುಂದೆ ಒಬ್ಬ ಹಲಗೆಗೆ ಮರದ ಕೊಡತಿ ಬಡಿಯುತ್ತ ನಡೆಯುತ್ತಾನೆ. ಟಕ್, ಟಕ್. ಹಿಂದೆ ಗಂಡಸರು, ಅವರ ಹಿಂದೆ ಹೆಂಗಸರು, ಎಲ್ಲರ ಕೈಯಲ್ಲೂ ಮೇಣದ ಬತ್ತಿ. ಕೊನೆಯ ಹೆಂಗಸಿನಿಂದ ಇಪ್ಪತ್ತು ಹೆಜ್ಜೆ ಬಿಟ್ಟು ತೆರೇಜಾ ಒಬ್ಬಳೇ. ಊರಾಚೆಯ ಆಲೆಮನೆಗಳ ಹೊಗೆ ತಗ್ಗಿನಲ್ಲೇ ನಿಂತು ಬೀದಿಗೆಲ್ಲ ಬೆಲ್ಲದ ವಾಸನೆ ಕವಿದಿತ್ತು. ಗಾಳಿ ಇರಲಿಲ್ಲ. ಮನೆಮನೆಯ ಹೊಸಿಲಲ್ಲಿ ಹಚ್ಚಿಟ್ಟ ಬತ್ತಿಗಳು ಅಲುಗದೆ ಗೀಟು ಎಳೆದ ಹಾಗೆ ಉರಿಯುತ್ತಿದ್ದವು. ಮಂಚ ಕಂಡರೆ ಬೊಗಳುವ ನಾಯಿಗಳೆಲ್ಲ ಜಗಲಿಗಳ ಕೆಳಗೆ ಕಣ್ಣು ಬಿಟ್ಟುಕೊಂಡು ಮಲಗಿದ್ದವು.

ನಾಲೆಯ ಕಡೆ ಹೋಗಿ ತಿರುಗಿದ್ದಾಯಿತು. ದಾರಿಯುದ್ದಕ್ಕೂ ಜನ ತಂತಮ್ಮ ಮನೆಯ ಮುಂದೆ ಉಸಿರು ಬಿಗಿಹಿಡಿದು ನಿಂತು, ಮಂಚ ದಾಟಿದ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. ಚೌರಪ್ಪ ಲೆಕ್ಕ ಹಾಕುತ್ತಿದ್ದ. ತನ್ನ ಮನೆ ದಾಟಿದರೆ ಇನ್ನೆರಡು ಮನೆ, ಆಮೇಲೆ ಹುಣಸೆಮರ, ಗೇಟು, ಏಳು ಮೆಟ್ಟಿಲು, ಬಾಗಿಲ ಚಪ್ಪಡಿ. ಚಪ್ಪಡಿಯ ಮೇಲೆ ಎಡಗಾಲು ಇಟ್ಟ ತಕ್ಷಣ ಮಡಿಸಬೇಕು. ಹಿಂದಿರುವ ಇನ್ನಾಸಪ್ಪ ಕೂಗುತ್ತಾನೆ.

ತನ್ನ ಮನೆಯ ಮುಂದೆ ಬಂದಾಗ ಅವನ ಕಣ್ಣು ಹೊಸಿಲ ಬತ್ತಿಯ ಮೇಲಿತ್ತು. ಆರೋಗ್ಯಮ್ಮ ಎರಡು ಹಚ್ಚಿದ್ದಳು. ಯಾಕೆ ಎರಡು ಎಂದುಕೊಳ್ಳುತ್ತಿದ್ದಾಗ ಬೊಂಬು ಹೆಗಲಿನೊಳಕ್ಕೆ ಇಳಿಯಿತು.

ಮೇಲಿನಿಂದ ಒತ್ತಿದ ಹಾಗಿರಲಿಲ್ಲ. ಮಂಚದ ಮೇಲೆ ಯಾರೋ ನಿಧಾನವಾಗಿ ಹತ್ತಿ, ಕಾಲು ಮಡಿಸಿ, ಜಾಗ ಸರಿಮಾಡಿಕೊಂಡು ಕೂತ ಹಾಗಿತ್ತು. ಎಂಟು ಜನರೂ ಒಟ್ಟಿಗೇ ನಿಂತರು. ಯಾರೂ ‘ಭಾರ’ ಎಂದು ಕೂಗಲಿಲ್ಲ. ಕೊಡತಿಯವನು ಇನ್ನೂ ನಾಲ್ಕು ಹೆಜ್ಜೆ ಹೋಗಿ, ಹಿಂದೆ ಹೆಜ್ಜೆಯ ಸದ್ದಿಲ್ಲದ್ದು ತಿಳಿದು, ತಾನೂ ನಿಂತ.

“ಸಾಕು ಬುಡಣ್ಣ,” ಇನ್ನಾಸಪ್ಪ ಕಿವಿಯ ಹತ್ತಿರ ಪಿಸುಗುಟ್ಟಿದ. ಹನ್ನೆರಡು ವರ್ಷದಿಂದ ಚೌರಪ್ಪನ ಹಿಂದೆ ಹೊರುತ್ತಿದ್ದವನು ಅವನು. “ಸಾಕು. ಕಾಲು ನೆಟ್ಟುಗ್ ಮಾಡು.”

ಇವನಿಗೆ ಗುಟ್ಟು ಗೊತ್ತಿತ್ತೆಂದು ನಾಚಿಕೆಪಡಲೂ ಚೌರಪ್ಪನಿಗೆ ಪುರುಸೊತ್ತಿರಲಿಲ್ಲ. “ನೆಟ್ಟುಗೇ ಅದೆ ಕಣ್ಲಾ,” ಎಂದ.

ಇನ್ನಾಸಪ್ಪ ಬಗ್ಗಿ ನೋಡಿದ. ಚೌರಪ್ಪನ ಎರಡು ಕಾಲೂ ಕಂಬದ ಹಾಗೆ ನೆಟ್ಟಗಿದ್ದವು. ಇನ್ನಾಸಪ್ಪನ ಹಲ್ಲು ಕಡಿಯುವ ಸದ್ದು ಕೇಳಿಸಿತು.

ಊರುಗೋಲು ಕೊಟ್ಟು ಮಂಚ ನಿಲ್ಲಿಸಿದರು. ಚೌರಪ್ಪ ಹೆಗಲು ತಪ್ಪಿಸಿ ಹೊರಬಂದ. ಬೀದಿಯ ತುಂಬ ಬತ್ತಿ ಹಿಡಿದ ಮುಖಗಳು ಅವನನ್ನೇ ನೋಡುತ್ತಿದ್ದವು. ಆ ಮನೆಗೆ ಭಾರ ಬಿದ್ದದ್ದು ಅದೇ ಮೊದಲು. ಆರೋಗ್ಯಮ್ಮ ಯಾರೂ ಹೇಳದೆಯೇ ಒಳಗೆ ಹೋಗಿ ತಾಮ್ರದ ಚೊಂಬಿನಲ್ಲಿ ನೀರು ತಂದು ಅವನ ಕೈಗೆ ಕೊಟ್ಟಳು.

ಹಗೆ ಯಾರ ಮೇಲೆ? ಅವನು ಹುಡುಕಿದ. ಹೋದ ವರ್ಷ ರಾಯಪ್ಪನಿಗೆ ಮಾಡಿಕೊಟ್ಟ ಬಾಗಿಲಿನ ವಿಷಯದಲ್ಲಿ ಎರಡು ಮಾತು ಬಂದಿದ್ದವು. ಅದೇ ಇರಬೇಕು. “ರಾಯಪ್ಪಣ್ಣ,” ಎಂದು ಕರೆದ. ರಾಯಪ್ಪ ಮುಂದೆ ಬಂದ. “ನಂಗೆ ನಿನ್ ಮ್ಯಾಲೆ ಏನೂ ಇಲ್ವಲ್ಲೋ,” ಎಂದು ಗೊಣಗಿಕೊಂಡೇ ಕುಡಿದ. ಚೌರಪ್ಪ ಉಳಿದದ್ದು ಕುಡಿದ. ಏಳು ಜನ ಬೊಂಬಿಗೆ ಹೆಗಲು ಕೊಟ್ಟು, “ಯೇಸುವೇ!” ಎಂದು ಒಮ್ಮೆಗೇ ಎತ್ತಿದರು. ಮಂಚ ಏಳಲಿಲ್ಲ. ಊರುಗೋಲೊಂದು ಚಿಟ್ಟೆಂದು ಸೀಳಿತು.

ಆರೋಗ್ಯಮ್ಮ ಮತ್ತೆ ಚೊಂಬು ತುಂಬಿಸಿಕೊಟ್ಟಳು.

ಬತ್ತಿಯ ಮೇಣ ಕೈಮೇಲೆ ಇಳಿದರೂ ಯಾರೂ ಕೈ ಬದಲಿಸಲಿಲ್ಲ. ಮುಂದಿನ ಹಳ್ಳಿಯಿಂದ ವರ್ಷವೂ ಪಾಡುಸ್ವಾಮಿಗೆ ಕನಕಾಂಬರದ ಹೂವು ತರುತ್ತಿದ್ದ ಮುದುಕಿ ಮೂಗಮ್ಮ ಬೇಲಿಯ ಪಕ್ಕ ನಿಂತಿದ್ದಳು. ಆ ಗುಂಪಿನಲ್ಲಿ ಕ್ರೈಸ್ತಳಲ್ಲದವಳು ಅವಳೊಬ್ಬಳೇ.

“ಅದ್ಯಾಕಪ್ಪ ಅಂಗ್ ಉಡುಕ್ತೀಯೆ?” ಎಂದಳು ಅವಳು, ಸಂತೆಯಲ್ಲಿ ಕೇಳಿದಷ್ಟು ಸಲೀಸಾಗಿ. “ಅಗೋ, ಅಲ್ ಕಡೇಲಿ ಒಬ್ಳೇ ನಿಂತವ್ಳಲ್ಲ, ನಿನ್ನೊಡುಟ್ಟಿದೋಳು. ಅವ್ಳ್ಗೆ ಕೊಟ್ಟಾ ನೀರ?”

“ಅವ್ಳ ಮ್ಯಾಲೆ ನಂಗೆ ಅಗೆ ಇಲ್ಲ ಕಣವ್ವ. ಅವ್ಳ್ ಪರವಾಗಿ ಸಭೇಲಿ...” ಎಂದವನ ಮಾತು ಅಲ್ಲಿಗೇ ನಿಂತಿತು. ಕಣ್ಣೆದುರಿಗೆ ಜಗಲಿಯಿತ್ತು. ಗೂಡಿನಲ್ಲಿ ಸ್ಟೀಲಿನ ತಟ್ಟೆ ಬತ್ತಿಯ ಬೆಳಕಿಗೆ ಹೊಳೆಯುತ್ತಿತ್ತು. ಗುಡಿಯವರು ಅವಳನ್ನು ಗೇಟಿನಲ್ಲಿ ನಿಲ್ಲಿಸಿದ್ದರು. ತಾನು ಅವಳನ್ನು ನಿಲ್ಲಿಸಿದ್ದು ಹೊಸಿಲಿನಲ್ಲಿ. ಗೇಟು ತೆಗೆಸಲು ಮೂರು ಸಲ ಎದ್ದು ನಿಂತವನು ಹೊಸಿಲ ಬಗ್ಗೆ ಒಂದು ಸಲವೂ ಯೋಚಿಸಿರಲಿಲ್ಲ.

ಅವನು ಗುಂಪನ್ನು ಸರಿಸಿಕೊಂಡು ಹೋಗಲಿಲ್ಲ. ಕಟ್ಟಳೆ ಹಾಗಿಲ್ಲ. ನಿಂತಲ್ಲಿಂದಲೇ ಕರೆಯಬೇಕು, ಅವರೇ ಬರಬೇಕು. ಬಾಯಿಗೆ ಮೊದಲು ಬಂದದ್ದು ಹಳೆಯ ಹೆಸರು. ಅದು ನಾಲಿಗೆಯ ತುದಿಗೆ ಬಂದಾಗ ಬೊಂಬು ಇನ್ನಷ್ಟು ಕುಸಿದು, ಏಳು ಜನರ ಎದೆಯಿಂದ ‘ಹಾ’ ಎಂಬ ಉಸಿರು ಹೊರಟಿತು. ಚೌರಪ್ಪ ಆ ಹೆಸರನ್ನು ನುಂಗಿದ.

“ತೆರೇಜಾ,” ಎಂದ. ಅದು ಯಾರಿಗೂ ಕೇಳಲಿಲ್ಲ. ಇನ್ನೊಂದು ಸಲ ಊರಿಗೆಲ್ಲ ಕೇಳುವ ಹಾಗೆ ಕರೆದ. “ತೆರೇಜಾ! ಬಾರವ್ವ.”

ಗುಂಪು ಎರಡಾಗಿ ದಾರಿ ಬಿಟ್ಟಿತು. ಅವಳು ಬಂದಳು. ಕೈಯ ಬತ್ತಿಯನ್ನು ಆರೋಗ್ಯಮ್ಮನಿಗೆ ಕೊಟ್ಟು, ಬೊಗಸೆ ಒಡ್ಡಿದಳು. ಬೊಗಸೆಗೆ ಹೊಯ್ಯಲು ಹೋದ ಚೌರಪ್ಪ ನಿಲ್ಲಿಸಿ, ಚೊಂಬನ್ನೇ ಅವಳ ಕೈಗೆ ಕೊಟ್ಟ. ಅವಳು ಚೊಂಬು ಕಚ್ಚಿ ಕುಡಿದಳು. ಹಿಂದಿರುಗಿಸಿದಾಗ ಅಂಚಿಗೆ ಅವಳ ತುಟಿಯ ಬಣ್ಣ ಸ್ವಲ್ಪ ಮೆತ್ತಿತ್ತು. ಒರೆಸದೆ ಅವನು ಉಳಿದದ್ದನ್ನು ಕುಡಿದ.

ಹಿಂದೆ ಯಾರೋ ಕೂಗಿದರು. ಚೌರಪ್ಪ ತಿರುಗಿದರೆ ಮಂಚ ಏಳು ಜನರ ಹೆಗಲ ಮೇಲಿತ್ತು. ಅವರು ಎತ್ತಿರಲಿಲ್ಲ. ಹೆಗಲು ಕೊಟ್ಟು ನಿಂತಿದ್ದರು ಅಷ್ಟೆ. ಊರುಗೋಲುಗಳು ಒಂದೊಂದಾಗಿ ಬಿದ್ದವು.

ಕಟ್ಟಳೆಯಂತೆ ಅಣ್ಣ ತಂಗಿ ಬಿಳಿ ಬಟ್ಟೆಯ ಎರಡು ತುದಿ ಹಿಡಿದರು. ಚೌರಪ್ಪನ ತುದಿಗೆ ಬೇರೊಬ್ಬ ಹೆಗಲು ಕೊಟ್ಟ. ಮಂಚ ಎಷ್ಟು ಹಗುರವಾಗಿತ್ತೆಂದರೆ ಹೊತ್ತವರು ಹೆಜ್ಜೆ ತಪ್ಪಿ ತಪ್ಪಿ ಬೀಳುವಂತಾಗುತ್ತಿತ್ತು. ಮೇಲೆ ಏನಾದರೂ ಇದೆಯೋ ಇಲ್ಲವೋ ಎಂದು ಇನ್ನಾಸಪ್ಪ ಎರಡು ಸಲ ಕತ್ತೆತ್ತಿ ನೋಡಿದ. ಹುಣಸೆಮರ ದಾಟಿತು, ಗೇಟು ದಾಟಿತು. ಏಳು ಮೆಟ್ಟಿಲು ಹತ್ತಿದರು. ಬಾಗಿಲಲ್ಲಿ ರಾಯಪ್ಪ ಓಡಿಬಂದು ನಿಂತಿದ್ದ. ಮಂಚ ಅವನನ್ನು ದಾಟಿ ಒಳಗೆ ಹೋಯಿತು. ಬಟ್ಟೆಯ ಹಿಂದೆ ತೆರೇಜಾ ಚಪ್ಪಡಿಗೆ ಕಾಲಿಟ್ಟಾಗ ಅವನು ಕೈ ಅಡ್ಡ ಹಿಡಿದ.

“ಬಟ್ಟೆ ಬುಡು. ಇಲ್ಲಿಗ್ ಸಾಕು.”

“ಬುಡ್ಲಾ ರಾಯಪ್ಪಣ್ಣ?” ಎಂದಳು ತೆರೇಜಾ. ಅದರಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. “ಮಂಚ ಇನ್ನೂ ಇಳ್ಸಿಲ್ಲ. ನೀನ್ ಬುಡು ಅಂದ್ರೆ ಬುಡ್ತೀನಿ.”

ಒಳಗೆ ಮಂಚ ತಾನಾಗಿ ನಿಂತಿತು. ಮುಂದೆ ಹೊತ್ತವರು ತಿರುಗಿ ನೋಡುವ ಧೈರ್ಯ ಮಾಡಲಿಲ್ಲ. ಕೊಡತಿಯ ಸದ್ದೂ ನಿಂತಿತು. ರಾಯಪ್ಪ ಒಳಗಿನ ಮಂಚ ನೋಡಿದ, ಅವಳ ಕೈಯ ಬಟ್ಟೆ ನೋಡಿದ. ಚಾಚಿದ ಕೈಯನ್ನು ಮೆಲ್ಲಗೆ ಎಳೆದುಕೊಂಡು, ಗೋಡೆಗೆ ಬೆನ್ನು ಹಚ್ಚಿ ನಿಂತ. ಫಾದರ್ ವಲೇರಿಯನ್ ಪೀಠದ ಹತ್ತಿರದಿಂದ, “ಬನ್ನಿ, ಬನ್ನಿ. ನಿಲ್ಲಬೇಡಿ,” ಎಂದರು. ಯಾರನ್ನು ಉದ್ದೇಶಿಸಿ ಹೇಳಿದರೆಂದು ಯಾರೂ ಕೇಳಲಿಲ್ಲ.

ಸ್ವಾಮಿಯ ಪಾದಕ್ಕೆ ಮುತ್ತಿಡುವ ಸಾಲಿನಲ್ಲಿ ತೆರೇಜಾ ಹೆಂಗಸರ ಕಡೆ ನಿಂತಳು. ಮುಂದೆ ಹಿಂದೆ ಒಂದೊಂದು ಮಾರು ಖಾಲಿ ಬಿಟ್ಟಿದ್ದರು. ಯಾರೂ ಸಾಲು ಬಿಟ್ಟು ಹೋಗಲಿಲ್ಲ.

ಆ ರಾತ್ರಿ ಆರೋಗ್ಯಮ್ಮ ಒಳಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ಗಂಜಿ ಬಡಿಸಿದಳು. ಫಿಲೋಮಿನಾ ಅತ್ತೆಯ ಪಕ್ಕ ಕೂತು ಬಳೆ ನೋಡುತ್ತಿದ್ದಳು. ತೆರೇಜಾ ಗೋಡೆಯ ಮೇಲಿನ ಅಪ್ಪನ ಫೋಟೊವನ್ನು, ಕಪ್ಪು ಹಿಡಿದ ತೊಲೆಗಳನ್ನು ಬಹಳ ಹೊತ್ತು ನೋಡಿದಳು.

“ಗುಡಿ ಬಾಗ್ಲಲ್ಲಿ ಬೀಳ್ಸು ಅಂದಿದ್ದೆ,” ಎಂದಳು. “ನಿನ್ ಬಾಗ್ಲಲ್ಲೇ ಬೀಳುಸ್ಕೊಂಡ್ಯಲ್ಲಣ್ಣ. ಅಷ್ಟು ದೊಡ್ ಮನ್ಸು ನಿಂಗದೆ ಅಂತ ನಾನ್ ತಿಳ್ದಿರ್ಲಿಲ್ಲ.”

ಚೌರಪ್ಪನಿಗೆ ಹೂಂ ಎನ್ನುವುದು ಸುಲಭವಿತ್ತು. ಗಂಜಿಯ ತಟ್ಟೆ ಕೆಳಗಿಟ್ಟ.

“ನಾನ್ ಬೀಳುಸ್ಲಿಲ್ಲ ಕಣವ್ವ.”

ತೆರೇಜಾ ನಕ್ಕಳು. ಅವನ ಮುಖ ನೋಡಿ ನಗು ನಿಲ್ಲಿಸಿದಳು. ಆರೋಗ್ಯಮ್ಮ ಎದ್ದು ಹೋಗಿ ಬೀದಿಬಾಗಿಲು ಹಾಕಿದಳು.

ಶನಿವಾರ ಬೆಳಿಗ್ಗೆ ಚೌರಪ್ಪ ಮರಗೆಲಸದ ಅಡಿಪಟ್ಟಿ ಹಿಡಿದು ಬೀದಿಗಿಳಿದ. ಅವನ ಮನೆಯ ಮುಂದಿನ ನೆಲ ಎತ್ತಿನಗಾಡಿ ಓಡಾಡಿ ಕಲ್ಲಾಗಿದ್ದ ಗೊಚ್ಚುನೆಲ. ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತು. ಅದರ ಮೇಲೆ ಎಂಟು ಜೊತೆ ಹೆಜ್ಜೆಗುರುತು ಮೂಡಿತ್ತು. ಅಳೆದ. ಎಲ್ಲಕ್ಕೂ ಎರಡು ಅಂಗುಲ ಆಳ, ಒಂದಕ್ಕೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಮೊಣಕಾಲು ಮಡಿಸಿದವನ ಹೆಜ್ಜೆಯಾದರೆ ಬೆರಳ ಕಡೆ ಹೆಚ್ಚು ಇಳಿಯಬೇಕು. ಅವನ ಹೆಜ್ಜೆ ಹಿಮ್ಮಡಿಯಿಂದ ಬೆರಳಿನವರೆಗೂ ಮಟ್ಟಸವಾಗಿತ್ತು. ಹಾಲು ಡೈರಿಗೆ ಹೊರಟ ಜನ ಅವನು ಅಳೆಯುವುದನ್ನು ನೋಡಿ, ಮಾತಾಡಿಸದೆ, ಬೇಲಿಯ ಅಂಚು ಹಿಡಿದು ಸುತ್ತಿ ಹೋದರು.

ಮಧ್ಯಾಹ್ನ ಹಿರಿಯರ ಸಭೆ ಸೇರಿತು. ರಾಯಪ್ಪ, “ನಿನ್ನೆ ಒಂದ್ ದಿನ ಆಯ್ತು. ಅದ್ನೇ ಕಾಯಂ ಮಾಡಬೇಕಾ?” ಎಂದು ಕೇಳಿದ. ಇನ್ನಾಸಪ್ಪ ಅಂಗಿ ಸರಿಸಿ ಹೆಗಲು ತೋರಿಸಿದ. ಬೊಂಬು ಕೂತ ಜಾಗ ನೇರಳೆಹಣ್ಣಿನ ಹಾಗೆ ಕಪ್ಪಾಗಿತ್ತು. “ಮುಂದಿನೊರ್ಸ ನೀನ್ ಹೊರು ರಾಯಪ್ಪಣ್ಣ. ಆಮ್ಯಾಕೆ ಕೇಳು,” ಎಂದ. ಕೈಯೆತ್ತಿಸಿದಾಗ ಬೇಡ ಎಂದವರು ನಾಲ್ಕು ಜನ. ಫಾದರ್ ವಲೇರಿಯನ್ ಪುಸ್ತಕ ತೆಗೆದು, ತೆರೇಜಾ ಈ ಧರ್ಮಕೇಂದ್ರದ ಪೂರ್ಣ ಸದಸ್ಯಳು, ಪ್ರಸಾದಕ್ಕೂ ಸಮಾಧಿಗೂ ಎಲ್ಲರಂತೆ ಹಕ್ಕುಳ್ಳವಳು ಎಂದು ಬರೆದು, ಒಪ್ಪಿದವರೆಲ್ಲರ ಸಹಿ ಹಾಕಿಸಿದರು. ಬಿಷಪರಿಗೆ ಏನು ಹೇಳುತ್ತೀರಿ ಎಂದು ಯಾರೋ ಕೇಳಿದರು. “ನಡೆದದ್ದನ್ನು ಹೇಳುತ್ತೇನೆ. ನಂಬದಿದ್ದರೆ ಎಂತ ಮಾಡುವುದು?” ಎಂದರು.

ಈಸ್ಟರ್ ಬೆಳಿಗ್ಗೆ ತೆರೇಜಾ ಪ್ರಸಾದ ತೆಗೆದುಕೊಂಡು ಬಂದು ಹೆಂಗಸರ ಚಾಪೆಯ ಕೊನೆಯಲ್ಲಿ ಕೂತಳು. ಪಕ್ಕದಲ್ಲಿ ಆರೋಗ್ಯಮ್ಮ ಕೂತಳು. ಇನ್ನೊಂದು ಪಕ್ಕ ಬಹಳ ದಿನ ಖಾಲಿಯೇ ಇತ್ತು.

ಬೇಡ ಎಂದ ನಾಲ್ವರಲ್ಲಿ ಇಬ್ಬರು ಸಂಸಾರ ಸಮೇತ ಶ್ರೀರಂಗಪಟ್ಟಣದ ಕಡೆಯ ಗುಡಿಗೆ ಬಸ್ಸಿನಲ್ಲಿ ಹೋಗತೊಡಗಿದರು. ಕೆ.ಆರ್. ಪೇಟೆಯವರು ಮತ್ತೆ ಬರಲಿಲ್ಲ. ಫಿಲೋಮಿನಾಳ ಮದುವೆ ಎರಡು ವರ್ಷ ತಡವಾಗಿ, ಎಲ್ಲ ತಿಳಿದೇ ಒಪ್ಪಿದ ನಾಗಮಂಗಲದ ಒಬ್ಬ ಮೇಷ್ಟ್ರ ಜೊತೆ ಆಯಿತು. ಚೌರಪ್ಪ ಬೊಂಬಿನ ಮುಂದಿನ ತುದಿಯನ್ನು ಇನ್ನಾಸಪ್ಪನಿಗೆ ಬಿಟ್ಟುಕೊಟ್ಟ. ಮೊಣಕಾಲು ಹೇಗೆ ಮಡಿಸುವುದೆಂದು ಕಲಿಸಲಿಲ್ಲ, ಇನ್ನಾಸಪ್ಪ ಕೇಳಲೂ ಇಲ್ಲ. ಆಮೇಲಿನ ನಾಲ್ಕು ವರ್ಷ ಪಾಡುಸ್ವಾಮಿ ಯಾರ ಮನೆಯ ಮುಂದೆಯೂ ನಿಲ್ಲದೆ ಊರು ಸುತ್ತಿ ಬಂದ. ಒಂದು ಬದುವಿನ ಜಗಳ ಕೋರ್ಟಿಗೆ ಹೋಯಿತು. ಅಣ್ಣತಮ್ಮಂದಿರಿಬ್ಬರು ಮಾತು ಬಿಟ್ಟು, ನಡುವೆ ಗೋಡೆ ಎಬ್ಬಿಸಿಕೊಂಡು ಕೂತರು. ಊರಿಗೆ ಇದ್ದ ಒಂದು ಅನುಕೂಲ ಕೈಬಿಟ್ಟುಹೋಯಿತು. ತೆರೇಜಾಗೆ ಚಾಪೆಯ ಮೇಲೆ ಜಾಗ ಸಿಕ್ಕಿತು.